ಮಿತಿ ಹಾಕುವಾಗ ಅಲ್ಗಾರಿದಮ್ ಕೂಡ ನೋಡಿ

ಎಲ್ಲರಿಗೂ ನಮಸ್ಕಾರ. ಶನಿವಾರ ಜಯನಗರದಲ್ಲಿ ಡೇಟಾಗೆ ಮಾಡೆಲ್ (ಗಣಿತದ ಸೂತ್ರ) ಫಿಟ್ ಮಾಡಲು, ಅಂದರೆ ಹೊಂದಿಸಲು, ಕೂತಾಗ ಇಬ್ಬರಿಗೆ ಗಿಡದ ಬೆಳವಣಿಗೆ ದರ ಮೈನಸ್ ಬಂದಿತ್ತು. ಲೋವರ್ 0, ಅಂದರೆ ಅಂದಾಜು ಸೊನ್ನೆಗಿಂತ ಕೆಳಗೆ ಹೋಗಬಾರದು ಅನ್ನೋ ಮಿತಿ, ಕೊಟ್ಟಿದ್ದರೂ! ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಮಾಡೆಲ್ ಹೊಂದಿಸುವ ಎನ್‌ಎಲ್‌ಎಸ್ (nls) ಫಂಕ್ಷನ್‌ನಲ್ಲಿ 'ಪೋರ್ಟ್' (port) ಅಲ್ಗಾರಿದಮ್, ಅಂದರೆ ಲೆಕ್ಕದ ವಿಧಾನ, ಆರಿಸಿದರೆ ಮಾತ್ರ ಮಿತಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಒಂದು ವಾರ್ನಿಂಗ್ ಕೊಟ್ಟು ಮಿತಿಯನ್ನೇ ಬಿಟ್ಟುಬಿಡುತ್ತದೆ. ದಯವಿಟ್ಟು ವಾರ್ನಿಂಗ್ ಓದಿ. ಆರ್‌ನ ಇನ್ನೊಂದು ಫಂಕ್ಷನ್ ಆಪ್ಟಿಮ್ (optim) ಹಾಗಲ್ಲ, ಮಿತಿ ಕೊಟ್ಟರೆ ಅದು ತಾನೇ ಮಿತಿ ಪಾಲಿಸುವ ಎಲ್-ಬಿಎಫ್‌ಜಿಎಸ್-ಬಿ (L-BFGS-B) ವಿಧಾನಕ್ಕೆ ಬದಲಾಗುತ್ತದೆ.

ಇನ್ನೊಂದು ಮಾತು, ನನಗೆ ಇದೇ ಜಾಸ್ತಿ ಮುಖ್ಯ. ಅಂದಾಜು ಮಿತಿಯ ಅಂಚಿಗೇ ಬಂದು ನಿಂತರೆ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಆಚೀಚೆ ಇರಬಹುದು ಅನ್ನೋ ಅಳತೆ) ನಂಬಬೇಡಿ. ಮಿತಿ ತಪ್ಪಾ, ಮಾಡೆಲ್ಲೇ ತಪ್ಪಾ ಅಂತ ಮೊದಲು ನೋಡಬೇಕು, ಅಲ್ವಾ? ಸುಮ್ನೆ ಮಿತಿ ಬಿಗಿ ಮಾಡಿ ಉತ್ತರ ಚೆನ್ನಾಗಿ ಕಾಣುವ ಹಾಗೆ ಮಾಡಬೇಡಿ. ನಾವು ಅಂದಾಜು ಮಾಡುವ ಸಂಖ್ಯೆ ಯಾವಾಗಲೂ ಸೊನ್ನೆಗಿಂತ ಹೆಚ್ಚೇ ಇರಬೇಕಾದರೆ, ಅದರ ಬದಲು ಅದರ ಲಾಗ್ (ಲಾಗರಿದಮ್) ಅನ್ನು ಫಿಟ್ ಮಾಡಿದರೆ ಸೊನ್ನೆಯ ಮಿತಿಯೇ ಬೇಡ.

ಸಿಕ್ಕಿಹಾಕಿಕೊಂಡವರು ಕೋಡ್ ಇಲ್ಲಿ ಹಾಕಿ, ಭಾನುವಾರ ಸಂಜೆ ನೋಡುತ್ತೇನೆ.