ಟೆಸ್ಟ್ ನೆಗೆಟಿವ್ ಬಂದ ಕೂಸನ್ನೂ ನೋಡು

ಚಿ. ನಂದಿನಿಗೆ ಅತ್ತೆಯ ಆಶೀರ್ವಾದಗಳು.

ನಿನಗೆ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಕೆಲಸ ಸಿಕ್ಕ ಸುದ್ದಿ ಅಣ್ಣ ಹೇಳಿದ. ಎಚ್‌ಐವಿ ಇರುವ ತಾಯಂದಿರ ಕೂಸುಗಳ ಅಧ್ಯಯನ ಅಂದ ಕೂಡಲೇ ನಿನಗೆ ಬರೆಯಬೇಕು ಅನ್ನಿಸಿತು. ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು. ಲೆಕ್ಕ ಹಾಕೋದು ನಿನಗೆ ನನಗಿಂತ ಚೆನ್ನಾಗಿ ಬರುತ್ತೆ. ಆದರೆ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನೋದರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು.

ಹೊರಡುವ ಮೊದಲು ಅಲ್ಲಿಯದೇ ‘ಮಾಶಿ’ ಅಧ್ಯಯನವನ್ನು ಕೂತು ಓದು. ಎಚ್‌ಐವಿ ಇರುವ 1200 ತಾಯಂದಿರು. ಈ ವೈರಸ್ ಎದೆಹಾಲಿನಿಂದಲೂ ಕೂಸಿಗೆ ದಾಟಬಹುದು, ಅದಕ್ಕೇ ಈ ಹೋಲಿಕೆ. ಅರ್ಧ ಜನ ಎದೆಹಾಲು ಕೊಟ್ಟರು, ಜೊತೆಗೆ ಕೂಸಿಗೆ ವೈರಸ್ ತಡೆಯುವ ಜಿಡೊವುಡಿನ್ ಔಷಧಿ. ಉಳಿದವರು ಡಬ್ಬಿ ಹಾಲು ಕೊಟ್ಟರು. 2006ರಲ್ಲಿ ಫಲಿತಾಂಶ ಬಂತು. ಏಳು ತಿಂಗಳ ಹೊತ್ತಿಗೆ ವೈರಸ್ ತಗಲಿದ್ದು ಎದೆಹಾಲು ಕುಡಿದವರಲ್ಲಿ ಶೇ. 9, ಡಬ್ಬಿ ಹಾಲಿನವರಲ್ಲಿ ಶೇ. 5.6. ಇಷ್ಟಕ್ಕೇ ನಿಲ್ಲಿಸಿದರೆ ಡಬ್ಬಿಯೇ ಗೆದ್ದ ಹಾಗೆ, ಅಲ್ವಾ? ಅದೇ ಏಳು ತಿಂಗಳಲ್ಲಿ ತೀರಿಕೊಂಡವರನ್ನು ನೋಡು. ಡಬ್ಬಿ ಹಾಲಿನವರಲ್ಲಿ ಶೇ. 9.3, ಎದೆಹಾಲಿನವರಲ್ಲಿ ಶೇ. 4.9. ಹದಿನೆಂಟು ತಿಂಗಳಿಗೆ ಸೋಂಕು, ಸಾವು ಎರಡನ್ನೂ ಕೂಡಿಸಿದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯಲಿಲ್ಲ. ವೈರಸ್‌ನಿಂದ ಉಳಿಸಿಕೊಂಡ ಕೂಸುಗಳನ್ನು ಬೇರೆ ಕಾಯಿಲೆಗಳು ಕೊಂಡೊಯ್ದವು.

ಆ ವರ್ಷದ ಆರಂಭದಲ್ಲೇ ಬೋಟ್ಸ್ವಾನಾದಲ್ಲಿ ವಿಪರೀತ ಮಳೆ ಸುರಿದು ನೀರು ಕೆಟ್ಟಿತ್ತು. ವಾಂತಿಭೇದಿಗೆ ನೂರಾರು ಮಕ್ಕಳು ಬಲಿಯಾದರು. ಅಲ್ಲಿಯ ಫ್ರಾನ್ಸಿಸ್‌ಟೌನ್ ಪಟ್ಟಣದಲ್ಲಿ ತನಿಖೆ ಮಾಡಿದವರಿಗೆ ಕಂಡ ದೊಡ್ಡ ಕಾರಣ, ಆ ಮಕ್ಕಳಿಗೆ ಎದೆಹಾಲು ಇರಲಿಲ್ಲ ಅನ್ನೋದು. ಡಬ್ಬಿಯನ್ನು ಸರ್ಕಾರವೇ ಪುಕ್ಕಟೆ ಕೊಟ್ಟಿತ್ತು, ಒಳ್ಳೆಯ ಉದ್ದೇಶದಿಂದಲೇ. ಆದರೆ ಬಾಟಲಿಯ ಕೆಲಸ ಎಷ್ಟಿದೆ ಯೋಚಿಸು. ಸೌದೆ ಒಟ್ಟಿ ನೀರು ಕುದಿಸಬೇಕು, ಆರಿಸಬೇಕು, ಚಮಚದ ಅಳತೆ ತಪ್ಪಬಾರದು, ನಿಪ್ಪಲ್ಲಿನ ಸಂದಿಯಲ್ಲಿ ಹಳೇ ಹಾಲು ಉಳಿಯಬಾರದು. ರಾತ್ರಿ ಎರಡು ಗಂಟೆಗೆ ಕೂಸು ಅತ್ತರೆ ಮತ್ತೆ ಮೊದಲಿನಿಂದ. ಡಬ್ಬಿ ಮುಗಿಯುತ್ತಾ ಬಂದರೆ ಪುಡಿ ಕಡಿಮೆ, ನೀರು ಜಾಸ್ತಿ. ಆ ಡಬ್ಬಿ ಕಂಡರೆ ಸಾಕು, ಬಾಣಂತಿಗೆ ಏನಿದೆ ಅಂತ ನೆರೆಮನೆಯವರಿಗೂ ಗೊತ್ತಾಗುತ್ತೆ.

ಪಕ್ಕದ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ ಡಾ. ಹೂಸೇನ್ ಕೂವಾಡಿಯಾ ಮತ್ತು ಜೊತೆಗಾರರು ಇನ್ನೊಂದು ವಿಷಯ ತೋರಿಸಿಕೊಟ್ಟರು. ಭಾರತೀಯ ಮೂಲದ ಕೂವಾಡಿಯಾ ವೈದ್ಯಕೀಯ ಓದಿದ್ದು ಮುಂಬಯಿಯಲ್ಲಿ. ಅವರ 2007ರ ವರದಿಯ ಪ್ರಕಾರ ಬರೀ ಎದೆಹಾಲು ಕುಡಿದ ಕೂಸಿಗೆ ಹೋಲಿಸಿದರೆ, ಹಾಲಿನ ಜೊತೆ ಗಟ್ಟಿ ಆಹಾರವನ್ನೂ ಬೇಗ ತಿನ್ನಿಸಿದ ಕೂಸಿಗೆ ವೈರಸ್ ತಗಲುವ ಅಪಾಯ ಸುಮಾರು ಹನ್ನೊಂದು ಪಟ್ಟು. ಆದರೆ ಮನೆಯ ಅಜ್ಜಿಗೆ ಇದನ್ನು ಹೇಳುವಾಗ ಹುಷಾರು. ಬೋಟ್ಸ್ವಾನಾದಲ್ಲೂ ನಮ್ಮಂತೆ ಬಾಣಂತನ ಇದೆ, ಬೊಟ್ಸೆಟ್ಸಿ ಅಂತಾರೆ. ತೆಳ್ಳಗೆ ಜೋಳದ ಗಂಜಿ ಕುಡಿಸುವ ಅಜ್ಜಿಗೂ ಬಜೆ ತೇಯ್ದು ನೆಕ್ಕಿಸುವ ನಮ್ಮ ಅಜ್ಜಿಗೂ ಕೂಸಿನ ಮೇಲೆ ಅಷ್ಟೇ ಪ್ರೀತಿ. ಅವಳನ್ನು ಬದಿಗಿಟ್ಟು ಸೊಸೆಗೋ ಮಗಳಿಗೋ ಮಾತ್ರ ಬುದ್ಧಿ ಹೇಳಿ ಬಂದರೆ ನೀನು ಗೇಟು ದಾಟುವಷ್ಟರಲ್ಲಿ ಗಂಜಿ ಒಲೆಯ ಮೇಲಿರುತ್ತೆ.

ಈಗ ಕಾಲ ಬಹಳ ಸುಧಾರಿಸಿದೆ. ತಾಯಿಗೇ ವೈರಸ್ ತಡೆಯುವ ಮೂರು ಔಷಧಿ ಕೊಟ್ಟು ಎದೆಹಾಲು ಕುಡಿಸಿದ ‘ಮ್ಮಾ ಬಾನಾ’ ಅಧ್ಯಯನದಲ್ಲಿ ಆರು ತಿಂಗಳವರೆಗೆ ಸೋಂಕು ತಗಲಿದ್ದು ಶೇ. 1.1 ಕೂಸುಗಳಿಗೆ ಮಾತ್ರ. ಅದೂ ಬೋಟ್ಸ್ವಾನಾದ್ದೇ, 2010ರಲ್ಲಿ ಪ್ರಕಟವಾದದ್ದು. ಎದೆಹಾಲೋ ವೈರಸ್‌ನಿಂದ ರಕ್ಷಣೆಯೋ ಎಂದು ಒಂದನ್ನು ಆರಿಸುವ ಸಂಕಟವೇ ಬೇಡ, ತಾಯಿ ಮಾತ್ರೆ ತಪ್ಪಿಸದಿದ್ದರೆ ಎರಡೂ ಸಿಗುತ್ತೆ. ಇದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು.

ಹಾಗಾಗಿ ನೀನು ನೋಡುವ ಕೂಸುಗಳಲ್ಲಿ ಹೆಚ್ಚಿನವಕ್ಕೆ ವೈರಸ್ ಇರೋದಿಲ್ಲ. ಆರು ವಾರಕ್ಕೆ ನೆಗೆಟಿವ್ ಬಂತು ಅಂತ ಫೈಲು ಮುಚ್ಚಬೇಡ. ಹಾಲು ಕುಡಿಯುವಷ್ಟು ದಿನ ಅಪಾಯ ಇದ್ದೇ ಇರುತ್ತೆ, ಬಿಡಿಸಿದ ಮೇಲೆ ಮತ್ತೆ ಪರೀಕ್ಷೆ ಆಗಬೇಕು. ಸೋಂಕು ತಗಲದಿದ್ದರೂ ಈ ಮಕ್ಕಳು ಬೇರೆ ಮಕ್ಕಳಿಗಿಂತ ಜಾಸ್ತಿ ಕಾಯಿಲೆ ಬೀಳುತ್ತವೆ, ಜಾಸ್ತಿ ಸಾಯುತ್ತವೆ. ತೂಕ ನೋಡು, ಲಸಿಕೆ ಕಾರ್ಡ್ ನೋಡು, ತಾಯಿ ಊಟ ಮಾಡಿದಳಾ ಕೇಳು. ಭೇಟಿಗೆ ಬಾರದ ತಾಯಿಯನ್ನು ಸುಮ್ನೆ ಪಟ್ಟಿಯಿಂದ ತೆಗೆಯಬೇಡ. ಅವಳ ಕೂಸು ತೀರಿಹೋಗಿರಬಹುದು. ಆ ಸಾವು ನಿನ್ನ ಲೆಕ್ಕಕ್ಕೆ ಬರದಿದ್ದರೆ ಫಲಿತಾಂಶ ಚೆನ್ನಾಗಿ ಕಾಣುತ್ತೆ, ನಿಜ ಆಗಿರೋದಿಲ್ಲ. ಮನೆಗೆ ಹೋದಾಗ ಮೊದಲು ಅವರ ಭಾಷೆಯಲ್ಲಿ ‘ದುಮೆಲಾ ಮ್ಮಾ’ (ನಮಸ್ಕಾರ ಅಮ್ಮಾ) ಅನ್ನು, ಆಮೇಲೆ ಫಾರಂ ತೆಗಿ.

ಪ್ರಶ್ನಾವಳಿ ಅಚ್ಚಿಗೆ ಹೋಗುವ ಮೊದಲು ಸಾಧ್ಯವಾದರೆ ನನಗೊಂದು ಪ್ರತಿ ಕಳಿಸು. ನೀರು ಎಲ್ಲಿಂದ ತರುತ್ತಾರೆ, ರಾತ್ರಿ ಕೂಸಿಗೆ ಏನು ಕುಡಿಸುತ್ತಾರೆ ಅನ್ನೋ ಪ್ರಶ್ನೆಗಳಿವೆಯಾ ನೋಡಿ ಹೇಳ್ತೀನಿ.

ಇಂತಿ,
ನಿನ್ನ ಅತ್ತೆ