ಆ ದೊಡ್ಡ ಸೆಟ್ ಬೇಡ ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಚರ್ಮದ ಕೆತ್ತನೆಯ ಫೋಟೋ ನೋಡಿದೆ. ಚರ್ಮದ ಮೇಲಿಟ್ಟು ಹೊಡೆಯುವ ಸ್ಟ್ಯಾಂಪ್‌ಗಳ ದೊಡ್ಡ ಸೆಟ್ ಕೊಳ್ಳಲೇ ಅಂತ ಕೇಳಿದ್ದೀಯ. ಹೂವಿನ ಎಸಳುಗಳು ಚೆನ್ನಾಗಿ ಬಂದಿವೆ. ಬಳ್ಳಿ ತಿರುಗುವ ಕಡೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಗುರುತು ಬಿದ್ದಿದೆ, ಅಲ್ವಾ? ಅದಕ್ಕೆ ನಿನ್ನ ಕೈ ಕಾರಣ ಅಲ್ಲ. ನಿನ್ನ ಬೆವೆಲರ್, ಅಂದರೆ ಚಾಕು ಕೊಯ್ದ ಗೆರೆಯ ಪಕ್ಕ ಚರ್ಮವನ್ನು ತಗ್ಗಿಸುವ ಸ್ಟ್ಯಾಂಪ್, ಆ ತಿರುವಿಗೆ ಅಗಲ ಜಾಸ್ತಿ. ನೇರ ಅಂಚಿನ ಅಗಲವಾದ ಸ್ಟ್ಯಾಂಪ್ ಬಿಗಿ ತಿರುವಿನಲ್ಲಿ ಗೆರೆಯ ಜೊತೆ ಕೂರುವುದಿಲ್ಲ. ಅದರ ಎರಡು ಮೂಲೆಗಳು ಗೆರೆ ದಾಟಿ ಚರ್ಮವನ್ನು ಕುಕ್ಕುತ್ತವೆ. ಎಷ್ಟು ಹುಷಾರಾಗಿ ಹೊಡೆದರೂ ಅಷ್ಟೇ.

ಅದಕ್ಕೇ ಆ ದೊಡ್ಡ ಸೆಟ್ ಬೇಡ ಅನ್ನುತ್ತೇನೆ. ಅಂಥ ಸೆಟ್‌ಗಳಲ್ಲಿ ನಕ್ಷತ್ರ, ಎಲೆ, ಪ್ರಾಣಿ ಅಂತ ಒಂದೇ ಏಟಿಗೆ ಚಿತ್ರ ಮೂಡಿಸುವ ಅಚ್ಚುಗಳೇ ಹೆಚ್ಚು. ಅವು ಕೆತ್ತನೆಗೆ ಅಷ್ಟಾಗಿ ಬೇಕಾಗುವುದಿಲ್ಲ. ನಿನಗೆ ಬೇಕಿರುವುದು ಬೆವೆಲರ್, ಎಸಳಿಗೆ ಕುಳಿ ಕೊಡುವ ಪೇರ್ ಶೇಡರ್, ಹೂವಿನ ನಡುವಿನ ಬೀಜಕ್ಕೆ ಸೀಡರ್, ಹಿನ್ನೆಲೆಯನ್ನು ಒತ್ತಿ ತಗ್ಗಿಸುವ ಬ್ಯಾಕ್‌ಗ್ರೌಂಡರ್. ಎಲೆಯ ನರಕ್ಕೆ ಒಂದು ವೀನರ್ ಇದ್ದರೆ ಒಳ್ಳೆಯದು. ಅಮೆರಿಕದ ಟ್ಯಾಂಡಿ ಕಂಪನಿಯ ಕ್ರಾಫ್ಟೂಲ್ ಅನ್ನುವ ಸ್ಟ್ಯಾಂಪ್‌ಗಳಲ್ಲಿ ಈ ಜಾತಿಗಳನ್ನು ಅಕ್ಷರದಿಂದಲೇ ಗುರುತಿಸಬಹುದು. ಬಿ ಅಂದರೆ ಬೆವೆಲರ್, ಪಿ ಅಂದರೆ ಪೇರ್ ಶೇಡರ್, ಎಸ್ ಅಂದರೆ ಸೀಡರ್, ಎ ಅಂದರೆ ಬ್ಯಾಕ್‌ಗ್ರೌಂಡರ್, ವಿ ಅಂದರೆ ವೀನರ್. ಬಿಡಿಬಿಡಿಯಾಗಿ ಆರಿಸಿ ಕೊಳ್ಳುವಾಗ ಇದು ಗೊತ್ತಿದ್ದರೆ ಹುಡುಕುವುದು ಸುಲಭ.

ಪೇರ್ ಶೇಡರ್ ಮತ್ತು ವೀನರ್ ಕೊಂಡುಬಿಡು. ಪೇರ್ ಶೇಡರ್‌ನ ಉಬ್ಬು ಎಲ್ಲ ಕಡೆ ಒಂದೇ ಸಮ ಇರಬೇಕು, ಅರದಲ್ಲಿ ಉಜ್ಜಿ ಅದನ್ನು ತರುವುದು ಕಷ್ಟ. ವೀನರ್‌ನ ಬಾಗಿದ ಹಲ್ಲುಗಳೂ ಹಾಗೇ. ಆದರೆ 2-3 ಮಿಲಿಮೀಟರ್ ಅಗಲದ ಪುಟ್ಟ ಬೆವೆಲರ್, ಪುಟ್ಟ ಸೀಡರ್, ಮೂಲೆಗೆ ಹೋಗುವ ಬ್ಯಾಕ್‌ಗ್ರೌಂಡರ್ ಇವನ್ನು ನೀನೇ ಮಾಡಿಕೋ. ನಿನ್ನ ಬಳ್ಳಿಯ ತಿರುವು ಎಷ್ಟು ಬಿಗಿ ಅಂತ ಸ್ಟ್ಯಾಂಪ್ ಮಾಡಿ ಮಾರುವವನಿಗೆ ಗೊತ್ತಿಲ್ಲ. ನಿನಗೆ ಗೊತ್ತು. ಅಮೆರಿಕದ ಶೆರಿಡನ್ ಶೈಲಿಯ ಕೆಲಸ ನೋಡಿದ್ದೀಯಲ್ಲ, ವಯೋಮಿಂಗ್‌ನ ಡಾನ್ ಕಿಂಗ್ ಬೆಳೆಸಿದ್ದು. ಸುರುಳಿ ಸುತ್ತಿದ ಬಳ್ಳಿಗಳ ಒಳಗೆ ಸಣ್ಣ ಸಣ್ಣ ಹೂಗಳು ಒತ್ತೊತ್ತಾಗಿ ಇರುತ್ತವೆ. ಆ ಸಂದುಗಳಿಗೆ ಅಗಲವಾದ ಸ್ಟ್ಯಾಂಪ್ ಇಳಿಯುವುದೇ ಇಲ್ಲ.

ಮೊದಲು ಬೆವೆಲರ್ ಮಾಡು. 6 ಮಿಲಿಮೀಟರ್ ದಪ್ಪದ, ಹಿಡಿಯಲು ಸಾಕಷ್ಟು ಉದ್ದ ಇರುವ ಸಾದಾ ಕಬ್ಬಿಣದ ಮೊಳೆ ಸಾಕು. ಕಾಂಕ್ರೀಟ್ ಮೊಳೆ ಬೇಡ. ಅದನ್ನು ಗಟ್ಟಿ ಮಾಡಿರುತ್ತಾರೆ, ಅರ ಮೇಲೆ ಮೇಲೆ ಜಾರುತ್ತದೆ. ಸತು ಲೇಪನದ ಮೊಳೆಯನ್ನಂತೂ ಯಾವ ಕಾರಣಕ್ಕೂ ಬೆಂಕಿಗೆ ಹಿಡಿಯಬೇಡ, ಸತುವಿನ ಹೊಗೆ ಒಳ್ಳೆಯದಲ್ಲ. ಹಾಗೆ ನೋಡಿದರೆ ಈ ಕೆಲಸಕ್ಕೆ ಬೆಂಕಿಯೇ ಬೇಡ. ಒದ್ದೆ ಚರ್ಮ ಮೆತ್ತಗಿರುತ್ತದೆ, ಸಾದಾ ಕಬ್ಬಿಣವೇ ಅದಕ್ಕೆ ಬೇಕಾದಷ್ಟು ಗಟ್ಟಿ.

ಮೊಳೆಯ ಚೂಪು ತುದಿಯನ್ನು ಹ್ಯಾಕ್ಸಾದಲ್ಲಿ ಕತ್ತರಿಸು. ತಲೆಯನ್ನೂ ತೆಗೆದುಬಿಡು, ಇಲ್ಲದಿದ್ದರೆ ಏಟು ಓರೆಯಾಗಿ ಬೀಳಬಹುದು. ವೈಸ್‌ನಲ್ಲಿ ಹಿಡಿದು ತುದಿಯನ್ನು ಎರಡೂ ಕಡೆಯಿಂದ ಉಜ್ಜಿ ನಿನಗೆ ಬೇಕಾದ ಅಗಲಕ್ಕೆ ತಾ. ಆಮೇಲೆ ಮುಖವನ್ನು ಓರೆಯಾಗಿ ಉಜ್ಜು. ಉದ್ದ ಉಳಿದ ಕಡೆ ಚಾಕು ಕೊಯ್ದ ಗೆರೆಯೊಳಗೆ ಇಳಿಯುತ್ತದೆ. ಇನ್ನೊಂದು ಕಡೆ ಮೇಲಕ್ಕೆ ಏರುತ್ತಾ ಹೋಗಿ ಚರ್ಮದ ಮೇಲೆ ಇಳಿಜಾರು ಮಾಡುತ್ತದೆ. ಓರೆ ಕಡಿದಾಗಿದ್ದರೆ ಗೆರೆಯ ಪಕ್ಕ ಆಳವಾದ, ಗಿಡ್ಡ ನೆರಳು ಬರುತ್ತದೆ. ಸಪಾಟಾಗಿದ್ದರೆ ನೆರಳು ದೂರದವರೆಗೆ ನಿಧಾನವಾಗಿ ಮಾಸುತ್ತದೆ. ನಿನ್ನ ಬಳ್ಳಿಗಳ ನಡುವೆ ಜಾಗ ಕಡಿಮೆ, ಕಡಿದಾದ ಓರೆಯೇ ಸರಿ.

ಈಗ ನಿಧಾನವಾಗಿ ಮಾಡಬೇಕಾದ ಕೆಲಸ. ಗೆರೆಯೊಳಗೆ ಇಳಿಯುವ ಆ ಅಂಚು ಚಾಕುವಿನ ಹಾಗೆ ಇರಬಾರದು. ಚೂಪಾಗಿದ್ದರೆ ಪ್ರತಿ ಏಟಿಗೂ ಚರ್ಮ ಇನ್ನಷ್ಟು ಕೊಯ್ದುಹೋಗುತ್ತದೆ. ತೀರಾ ಮೊಂಡಾದರೆ ಗೆರೆ ಮಸುಕಾಗುತ್ತದೆ. ಬೆರಳಿಗೆ ಎಳೆದರೆ ಸ್ಪಷ್ಟವಾಗಿ ತಿಳಿಯಬೇಕು, ಆದರೆ ಚರ್ಮಕ್ಕೆ ಕಚ್ಚಬಾರದು. ಎರಡೂ ಮೂಲೆಗಳನ್ನು ಸ್ವಲ್ಪ ಗುಂಡಾಗಿಸು. ನಿನ್ನ ಫೋಟೋದಲ್ಲಿದ್ದ ಮೆಟ್ಟಿಲು ಗುರುತುಗಳಲ್ಲಿ ಅರ್ಧದಷ್ಟು ಇದೊಂದರಿಂದಲೇ ಹೋಗುತ್ತವೆ ಅಂತ ನನ್ನ ನಂಬಿಕೆ. ಅಂಗಡಿಯಿಂದ ತಂದ ಬೆವೆಲರ್‌ಗೂ ಇದನ್ನೇ ಮಾಡು. ಎರಕದ ಒರಟು, ಲೇಪನ ಕಟ್ಟಿಕೊಂಡ ಗಂಟು ಅವುಗಳ ಮುಖದ ಮೇಲೆ ಎಷ್ಟೋ ಸಲ ಇರುತ್ತವೆ. ಕೊಳ್ಳುವಾಗ ಹಿಡಿಕೆಯ ಹೊಳಪು ನೋಡಬೇಡ, ಮುಖವನ್ನು ಬೆಳಕಿಗೆ ಹಿಡಿದು ನೋಡು.

ಮುಖ ನುಣುಪು ಮಾಡಲು ಗಾಜಿನ ಮೇಲೆ ಸ್ಯಾಂಡ್ ಪೇಪರ್ ಇಟ್ಟು ಉಜ್ಜು. 400 ನಂಬರಿನ ಪೇಪರ್‌ನಿಂದ ಶುರು ಮಾಡಿ 1200ರವರೆಗೆ ಹೋಗು, ನಂಬರ್ ಏರಿದಂತೆ ಪೇಪರ್ ನಯ. ಉಜ್ಜುವ ಮೊದಲು ಮುಖಕ್ಕೆ ಮಾರ್ಕರ್ ಪೆನ್ನಿನ ಶಾಯಿ ಬಳಿ. ಒಂದೆರಡು ಸಲ ಎಳೆದ ಮೇಲೆ ಶಾಯಿ ಉಳಿದ ಜಾಗ ತಗ್ಗು ಅಂತ ಅರ್ಥ. ಶಾಯಿ ಪೂರ್ತಿ ಹೋಗುವವರೆಗೆ ಮುಂದಿನ ಪೇಪರ್‌ಗೆ ಹೋಗಬೇಡ. ಅರದ ಒಂದು ಗೀರು ಮುಖದ ಮೇಲೆ ಉಳಿದರೂ ಚರ್ಮ ಅದನ್ನು ಹಾಗೇ ತೋರಿಸುತ್ತದೆ.

ಸೀಡರ್‌ಗೆ ಮೊಳೆಯ ತುದಿಯನ್ನು ಚಪ್ಪಟೆ ಮಾಡಿ, ನಟ್ಟನಡುವೆ ಪಂಚ್‌ನಿಂದ ಗುರುತು ಹಾಕಿ, 1.5 ಮಿಲಿಮೀಟರ್ ಬಿಟ್‌ನಲ್ಲಿ ಸ್ವಲ್ಪ ಆಳ ಕೊರೆ. ಆಮೇಲೆ ಹೊರಗಿನಿಂದ ಉಜ್ಜುತ್ತಾ ಬಂದರೆ ರಂಧ್ರದ ಸುತ್ತ ತೆಳು ಉಂಗುರ ಉಳಿಯುತ್ತದೆ. ಆ ಉಂಗುರದ ಅಂಚನ್ನೂ ಗುಂಡಾಗಿಸಲೇಬೇಕು, ಇಲ್ಲದಿದ್ದರೆ ಬೀಜ ಮೂಡುವ ಬದಲು ಚರ್ಮದ ಬಿಲ್ಲೆಯೇ ಕಿತ್ತು ಬರುತ್ತದೆ. ಬಡಗಿಗಳು ಮೊಳೆಯ ತಲೆಯನ್ನು ಮರದೊಳಗೆ ಕೂರಿಸಲು ಬಳಸುವ ಪಂಚ್ ಇದೆಯಲ್ಲ, ಅದರಲ್ಲಿ ತುದಿ ಕುಳಿಯಾಗಿರುವುದು ಸಿಕ್ಕರೆ ಕೊರೆಯುವ ಕೆಲಸವೂ ಉಳಿಯುತ್ತದೆ.

ಬ್ಯಾಕ್‌ಗ್ರೌಂಡರ್ ಸುಲಭ. ತುದಿಯನ್ನು ನೀರ ಹನಿಯ ಆಕಾರಕ್ಕೆ ತಂದು, ತ್ರಿಕೋನ ಸೂಜಿ ಅರದಿಂದ ಅಡ್ಡ ಉದ್ದ ಗೆರೆ ಕೊಯ್ಯಿ.

ಕಬ್ಬಿಣದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಮರೆಯಬೇಡ. ಕೆತ್ತನೆಗೆ ಆಗುವುದು ತೊಗಟೆಯಂಥ ಗಿಡಮೂಲದ ಟ್ಯಾನಿನ್‌ನಿಂದ ಹದ ಮಾಡಿದ ಚರ್ಮ. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು ಅಚ್ಚನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆ ಟ್ಯಾನಿನ್‌ಗೆ ನೀರು, ಕಬ್ಬಿಣ ಎರಡೂ ಸೇರಿದರೆ ನೀಲಿ ಕಪ್ಪು ಕಲೆ ಬೀಳುತ್ತದೆ. ಹಾಗಾಗಿ ಅರದ ಪುಡಿ ಕೆಲಸದ ಮೇಜಿನ ಹತ್ತಿರವೂ ಬರಬಾರದು. ಮೊಳೆಯ ಸ್ಟ್ಯಾಂಪನ್ನು ಒದ್ದೆ ಚರ್ಮದ ಮೇಲೆ ಇಟ್ಟು ಎದ್ದುಹೋಗಬೇಡ. ಕೆಲಸ ಮುಗಿದ ಮೇಲೆ ಒರೆಸಿ, ತೆಳ್ಳಗೆ ಮೇಣ ಸವರಿ ಇಡು. ಕಲೆ ಹೊಸದಾಗಿದ್ದರೆ ನಿಂಬೆರಸ ಸ್ವಲ್ಪ ಮಟ್ಟಿಗೆ ತೆಗೆಯುತ್ತದೆ. ಈ ತಲೆನೋವೇ ಬೇಡ ಅಂದರೆ ಹಿತ್ತಾಳೆ ಸಲಾಕೆ ತಗೊ, ಅರಕ್ಕೂ ಬೇಗ ಬಗ್ಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಒಳ್ಳೆಯದು, ಆದರೆ ಉಜ್ಜಲು ತಾಳ್ಮೆ ಬೇಕು.

ಹೊಡೆಯಲು ಕಬ್ಬಿಣದ ಸುತ್ತಿಗೆ ಬೇಡ, ಸ್ಟ್ಯಾಂಪಿನ ತಲೆ ಅರಳಿಹೋಗುತ್ತದೆ. ಅರ್ಧ ಕಿಲೋ ಒಳಗಿನ ಮರದ ಕೊಡತಿ ಸಾಕು. ಚರ್ಮದ ಕೆಳಗೆ ನುಣುಪಾದ ಗ್ರಾನೈಟ್ ಚಪ್ಪಡಿ ಇರಲಿ.

ಪರೀಕ್ಷೆ ಮಾಡುವುದು ನಿನ್ನ ಪರ್ಸಿಗೆ ಬಳಸುವ ಚರ್ಮದ್ದೇ ತುಂಡಿನ ಮೇಲೆ. ಸ್ಪಂಜಿನಿಂದ ನೀರು ಹಚ್ಚಿ ಬಿಡು. ಬಣ್ಣ ಹೆಚ್ಚುಕಡಿಮೆ ಮೊದಲಿನಂತಾಗಿ, ಕೆನ್ನೆಗೆ ಒತ್ತಿದರೆ ಇನ್ನೂ ತಣ್ಣಗಿದ್ದರೆ ಹದ ಬಂದಿದೆ. ನೀರು ಜಾಸ್ತಿಯಿದ್ದರೆ ಒಳ್ಳೆಯ ಸ್ಟ್ಯಾಂಪಿನ ಅಚ್ಚೂ ಉಬ್ಬಿಕೊಂಡು ಮಸುಕಾಗುತ್ತದೆ, ಆಗ ಸುಮ್ನೆ ಸ್ಟ್ಯಾಂಪನ್ನು ಬೈಯುತ್ತಾ ಕೂರುತ್ತೇವೆ. ಒಂದು ಸುರುಳಿ ಗೆರೆ ಕೊಯ್ದು ಅದರ ಗುಂಟ ಬೆವೆಲರ್ ನಡೆಸು. ಒಂದೊಂದು ಏಟಿಗೂ ಮುಖದ ಅರ್ಧ ಅಗಲದಷ್ಟೇ ಸರಿಸು, ಚರ್ಮದಿಂದ ಪೂರ್ತಿ ಎತ್ತಬೇಡ.

ಆ ತುಂಡಿನ ಫೋಟೋ ಕಳಿಸು. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ತೆಗಿ, ಆಗ ಮೂಲೆ ಎಲ್ಲಿ ಕುಕ್ಕುತ್ತಿದೆ ಅಂತ ಕಾಣುತ್ತದೆ. ಇನ್ನೂ ಎಲ್ಲಿ ಉಜ್ಜಬೇಕು ಅಂತ ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ