ಕುಷ್ಠರೋಗದ ನೃತ್ಯರೂಪಕದಲ್ಲಿ ಊರೂ ಒಂದು ಪಾತ್ರವಾಗಲಿ

ಮಾನ್ಯ ಸಂಪಾದಕರೇ,

ಗಾಂಧೀಜಿ ಹುತಾತ್ಮರಾದ ಜನವರಿ 30ನ್ನು ನಮ್ಮಲ್ಲಿ ಕುಷ್ಠರೋಗ ವಿರೋಧಿ ದಿನವಾಗಿ ಆಚರಿಸಲಾಗುತ್ತದೆ. ಆ ಸಂದರ್ಭಕ್ಕೆಂದು ಸಿದ್ಧವಾಗುವ ಜಾಗೃತಿ ನೃತ್ಯರೂಪಕಗಳಲ್ಲಿ ನಾನು ನೋಡಿದವುಗಳ ಕಥೆ ಹೆಚ್ಚುಕಡಿಮೆ ಒಂದೇ: ಮೈಮೇಲೆ ಮಚ್ಚೆ ಕಾಣಿಸುತ್ತದೆ, ರೋಗಿ ಗೋಳಾಡುತ್ತಾನೆ, ವೈದ್ಯರು ಬರುತ್ತಾರೆ, ಕಾಯಿಲೆ ವಾಸಿಯಾಗಿ ಮಂಗಳವಾಗುತ್ತದೆ. ಭರತನಾಟ್ಯ ಕಲಿಸುವ ನಾನು ಇದೇ ವಸ್ತುವನ್ನು ರಂಗಕ್ಕೆ ತರುವ ಪ್ರಯತ್ನದಲ್ಲಿದ್ದೇನೆ. ಈ ಕಥೆ ಮುಗಿಯುವಲ್ಲಿಂದಲೇ ನಿಜವಾದ ರೂಪಕ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕುಷ್ಠಕ್ಕೆ 6 ಅಥವಾ 12 ತಿಂಗಳ ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆದರೂ ಹಿಂದೂ ವಿವಾಹ ಕಾಯ್ದೆಯೂ ಸೇರಿದಂತೆ ಹಲವು ಕಾನೂನುಗಳಲ್ಲಿ ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು. ಸಂಸತ್ತು ಅದನ್ನು ಕೈಬಿಟ್ಟದ್ದು 2019ರಲ್ಲಿ. ಪೂರ್ತಿ ಗುಣವಾದ ಮೇಲೂ ಮನೆಯವರು ತಟ್ಟೆ ಲೋಟ ಬೇರೆಯಿಟ್ಟರೆ, ತಂಗಿಯ ಸಂಬಂಧ ತಪ್ಪಿಹೋದರೆ, ಆಗ ಕವಿಯುವ ಹತಾಶೆಗೆ ಮಾತ್ರೆಯಿಲ್ಲ. ನಾಟ್ಯಶಾಸ್ತ್ರ ಹೇಳುವ 33 ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ವ್ಯಾಧಿಯೂ ಇದೆ, ನಿರ್ವೇದ, ದೈನ್ಯ, ವಿಷಾದಗಳೂ ಇವೆ. ನಾವು ವ್ಯಾಧಿಯೊಂದನ್ನೇ ಅಭಿನಯಿಸಿ ನಿಲ್ಲಿಸುತ್ತಿದ್ದೇವೆ.

ಕಳಂಕ ಹೊರಿಸುವವರನ್ನು ರಂಗದ ಮೇಲೆ ತರದೆ ಕಳಂಕವನ್ನು ತೋರಿಸಲಾಗದು. ರವೀಂದ್ರನಾಥ ಟ್ಯಾಗೋರರು ತಮ್ಮ 'ಚಂಡಾಲಿಕಾ' ನಾಟಕವನ್ನು 1938ರಲ್ಲಿ ನೃತ್ಯನಾಟಕವಾಗಿಸಿದಾಗ ಮೊದಲಿಗೇ ಮೊಸರು ಮಾರುವವನನ್ನೂ ಬಳೆಗಾರನನ್ನೂ ತಂದರು. ಇಬ್ಬರೂ ನಾಟಕದ ನಾಯಕಿ, ಅಸ್ಪೃಶ್ಯಳೆನಿಸಿಕೊಂಡ ಹುಡುಗಿ ಪ್ರಕೃತಿಗೆ ಮಾರಲು ಬಂದವರೇ; ಅವಳನ್ನು ಮುಟ್ಟಬೇಡಿರೆಂದು ಉಳಿದವರು ತಡೆಯುತ್ತಾರೆ. ಯಾರೂ ಹೊಡೆಯುವುದಿಲ್ಲ, ಆದರೆ ಸಂತೆಯ ಸಾಮಾನ್ಯ ವ್ಯವಹಾರವೊಂದು ಅಲ್ಲಿಗೇ ಕಡಿದುಹೋಗುತ್ತದೆ, ಅವಮಾನದ ಆಳವೆಲ್ಲ ಅಷ್ಟರಲ್ಲೇ ತಿಳಿಯುತ್ತದೆ. ನಮ್ಮ ರೂಪಕಗಳಲ್ಲೂ ಬಸ್ಸಿನಲ್ಲಿ ಸರಿದು ಕೂರುವವರು, ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಡುವ ಅಂಗಡಿಯವರು ಗುಂಪುನೃತ್ಯದಲ್ಲಿ ಬರಬೇಕು.

ಹಸ್ತಗಳ, ಅಂದರೆ ನೃತ್ಯದ ಕೈಮುದ್ರೆಗಳ, ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕುಷ್ಠದಿಂದ ಮೊಣಕೈ ಬಳಿಯ ನರಕ್ಕೆ ಹಾನಿಯಾದಾಗ ಕಿರುಬೆರಳು, ಉಂಗುರದ ಬೆರಳು ಮಡಚಿಕೊಳ್ಳುತ್ತವೆ; ಐದೂ ಬೆರಳು ಅರಳಬೇಕಾದ ಅಲಪದ್ಮ ಅಂಥ ಕೈಗೆ ಒಲಿಯದು. ಅರಳಲು ಹೊರಟ ಹಸ್ತ ಅರ್ಧಕ್ಕೇ ನಿಲ್ಲುವುದನ್ನು ಒಮ್ಮೆ ತೋರಿಸಿದರೂ ಸಾಕು, ಸಾಹಿತ್ಯದ ಹತ್ತು ಸಾಲು ಹೇಳದ್ದನ್ನು ಅದು ಹೇಳುತ್ತದೆ. ಅದನ್ನೇ ಪದೇ ಪದೇ ಮಾಡಿದರೆ ಅಣಕವಾಗುತ್ತದೆ, ನೋಯುವವರು ಆ ಕಾಯಿಲೆಯನ್ನು ಅನುಭವಿಸಿದವರೇ.

ತಂದೆ ಕೃಷ್ಣನ ಶಾಪದಿಂದ ಕುಷ್ಠ ಹತ್ತಿದ, ಸೂರ್ಯನನ್ನು ಆರಾಧಿಸಿ ಗುಣಮುಖನಾದ ಸಾಂಬನ ಕಥೆ ನೃತ್ಯಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದು ನಿಜ. ಆದರೆ ಕಾಯಿಲೆಯು ಪಾಪದ ಫಲವೆಂಬ ನಂಬಿಕೆಯೇ ಈ ಕಳಂಕದ ಬೇರಾಗಿರುವಾಗ, ಜಾಗೃತಿಯ ವೇದಿಕೆಯ ಮೇಲೆ ಆ ಕಥೆ ಬೇಡವೆಂದೇ ನನ್ನ ಅನಿಸಿಕೆ.

ಇಂಥ ಕಾರ್ಯಕ್ರಮ ಏರ್ಪಡಿಸುವ ಆರೋಗ್ಯ ಇಲಾಖೆ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ: ತಂಡಗಳಿಗೆ ಕೆಲವು ತಿಂಗಳು ಮೊದಲೇ ತಿಳಿಸಿ ಅಭ್ಯಾಸಕ್ಕೆ ಕಾಲ ಕೊಡಿ, ಕುಷ್ಠದಿಂದ ಗುಣಮುಖರಾದವರನ್ನು ಪಾತ್ರರಚನೆಯ ಹಂತದಲ್ಲೇ ಕರೆದು ಗೌರವಧನ ನೀಡಿ, ಅವರು ಬೇಡವೆಂದ ದೃಶ್ಯವನ್ನು ಪ್ರದರ್ಶನದಿಂದ ಕೈಬಿಡುವಂತೆ ತಂಡಗಳಿಗೆ ಷರತ್ತು ವಿಧಿಸಿ.

— ನೃತ್ಯ ಶಿಕ್ಷಕಿ, ಧಾರವಾಡ